ಕೆಟ್ಟರೆ ನಿಂತುಬಿಡು

ಸೀರೆಯ ಮೇಲೆ ಗಂಡಸರ ಕಂದು ಸ್ವೆಟರ್, ಎಡಗಿವಿಯಲ್ಲಿ ಹತ್ತಿ, ಎಂಟರ್ ಕೀಯಿಂದ ಒಂದಿಂಚು ಮೇಲೆ ನಿಂತ ಬಲಗೈಯ ತೋರುಬೆರಳು. ನಮ್ಮ ಮೇಡಂ ನೆನಪಾದರೆ ಮೊದಲು ಕಾಣುವುದು ಇಷ್ಟು. ಬರೆದ ಸಾಲನ್ನು ತುಟಿಯಲ್ಲೇ ಒಮ್ಮೆ ಓದಿಕೊಳ್ಳದೆ ಆ ಬೆರಳು ಕೆಳಗಿಳಿಯುತ್ತಿರಲಿಲ್ಲ.

ಇಂದಿರಾನಗರದ ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನಮ್ಮ ಸರ್ವರ್ ಕೋಣೆ. ಕೆಲವು ಅಂಗಡಿಗಳು, ಕಚೇರಿಗಳು, ಹಲಸೂರಿನ ಒಂದು ನರ್ಸಿಂಗ್ ಹೋಂ, ಇವರೆಲ್ಲರ ಯಂತ್ರಗಳು ಅಲ್ಲಿದ್ದವು. ಮೇಡಂ ನಮಗೆಲ್ಲ ಹಿರಿಯರು. ಜೀವನ್ ಬಿಮಾ ನಗರದಿಂದ ನಡೆದೇ ಬರುತ್ತಿದ್ದರು. ಕೋಣೆಯೊಳಗೆ ಹೋಗುವ ಮುಂಚೆ ಫೋನು, ಚೀಲ ಎಲ್ಲವನ್ನೂ ಹೊರಗಿನ ಮೇಜಿನ ಮೇಲಿಡಬೇಕು. ಅದು ಅವರು ಮಾಡಿದ ಕಾನೂನು.

ನನಗೆ ಅವರು ಮೊದಲು ಕಲಿಸಿದ್ದು ಯಂತ್ರ ಆನ್ ಆಗಿ ಏಳುವ ಹೊತ್ತಿನ ಕೆಲಸವನ್ನು. ಯಂತ್ರದ ಉಳಿದೆಲ್ಲ ಕೆಲಸವನ್ನೂ ನಡೆಸುವ ಒಳಗಿನ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಪ್ರತಿ ಸಲ ಏಳುವಾಗಲೂ ಒಂದು ಫೈಲಿನಿಂದ ಅದಕ್ಕೆ ಕೆಲವು ಸೂಚನೆಗಳು ಸಿಗುತ್ತವೆ: ಮೆಮೊರಿ ಸಾಲದಿದ್ದರೆ ಏನು ಮಾಡಬೇಕು, ತಾನೇ ಕುಸಿದರೆ ಏನು ಮಾಡಬೇಕು. ಓಡುತ್ತಿರುವ ಯಂತ್ರದಲ್ಲಿ ಮಾಡಿದ ಬದಲಾವಣೆ ಆಫ್ ಮಾಡಿದೊಡನೆ ಅಳಿಸಿಹೋಗುತ್ತದೆ. ಫೈಲಿನಲ್ಲಿ ಬರೆದದ್ದು ಮಾತ್ರ ಉಳಿಯುತ್ತದೆ. ಹಾಗಾಗಿ ಯಾರು ಏನು ಬದಲಾಯಿಸಿದರೂ ಅವರದು ಒಂದೇ ಮಾತು. "ಆಫ್ ಮಾಡಿ ಆನ್ ಮಾಡಿ ತೋರ್ಸು. ಆಮೇಲೆ ಊಟ."

ಕುಸಿದರೆ ಏನು ಮಾಡಬೇಕು ಎಂಬಲ್ಲಿ ಎಲ್ಲ ಯಂತ್ರಗಳಿಗೂ ಅವರು ಸೊನ್ನೆ ಬರೆದಿದ್ದರು. ಸೊನ್ನೆ ಎಂದರೆ, ಯಾರಾದರೂ ಬಂದು ನೋಡುವವರೆಗೆ ಹಾಗೇ ನಿಂತಿರು. ಕೆ.ಆರ್. ಪುರದಿಂದ ಬರುತ್ತಿದ್ದ ನನ್ನ ಸಹೋದ್ಯೋಗಿ ವಾದ ಹೂಡುತ್ತಿದ್ದ.

"ಹತ್ತು ಸೆಕೆಂಡ್ ಅಂತ ಬರೀರಿ ಮೇಡಂ, ತಾನೇ ರೀಸ್ಟಾರ್ಟ್ ಆಗತ್ತೆ. ಆ ಟ್ರಾಫಿಕ್ಕಲ್ಲಿ ನಾನು ಬರೋಷ್ಟ್ರಲ್ಲಿ ಅದಕ್ಕೆ ತುಕ್ಕು ಹಿಡಿದಿರತ್ತೆ."

"ಬಿದ್ದೋನು ಎದ್ದು ಓಡೋದ್ರೆ ಎಲ್ಲಿ ಪೆಟ್ಟಾಯ್ತು ಅಂತ ಯಾರನ್ನ ಕೇಳ್ತೀಯಪ್ಪಾ? ನಿಂತಿರ್ಲಿ. ಬಂದು ನೋಡೋಣ."

ಆವತ್ತು ರಜೆ. ಮಧ್ಯಾಹ್ನ ಕೋಣೆಯಲ್ಲಿ ಮೇಡಂ, ನಾನು ಇಬ್ಬರೇ ಇದ್ದೆವು. ಕರೆಂಟ್ ಹೋಯಿತು, ಜನರೇಟರ್ ಏಳಲಿಲ್ಲ. ಯಂತ್ರಗಳು ಬ್ಯಾಟರಿಯ ಮೇಲೆ ಓಡತೊಡಗಿದವು. ಏಸಿ ಮಾತ್ರ ನಿಂತಿತು. ಹೊರಡೋಣವೆಂದು ಬಾಗಿಲ ಪಕ್ಕದ ಗುಂಡಿ ಒತ್ತಿದೆ. ಬಾಗಿಲು ತೆರೆಯಲಿಲ್ಲ. ಬೀಗ ಬಿಡಿಸುವ ಪುಟ್ಟ ಕಂಪ್ಯೂಟರ್ ಇದ್ದದ್ದು ಬಾಗಿಲ ಗಾಜಿನಾಚೆಯ ಓಣಿಯಲ್ಲಿ. ಅದರ ಪರದೆಯ ತುಂಬ ಬಿಳಿ ಅಕ್ಷರಗಳು ಅಲುಗದೆ ನಿಂತಿದ್ದವು.

ಮೇಡಂ ಗಾಜಿಗೆ ಹಣೆ ತಾಗಿಸಿ ಓದಿದರು. "ಕರ್ನಲ್ ಕುಸಿದಿದೆ," ಎಂದರು. "ಇದಕ್ಕೂ ಸೊನ್ನೆನೇ ಬರ್ದಿದ್ದೆ ಕಣೇ. ಇದು ಬಾಗಿಲು ಕಾಯೋದು ಅಂತ ಹೊಳೀಲೇ ಇಲ್ಲ."

ಕೂಗಿದೆವು. ಫ್ಯಾನುಗಳ ಸದ್ದು ದಾಟಿ ನಮ್ಮ ದನಿ ನೆಲಮಾಳಿಗೆಯಿಂದ ಮೇಲಕ್ಕೆ ಹೋಗುವಂತಿರಲಿಲ್ಲ. ಕುರ್ಚಿಯಿಂದ ಹೊಡೆದರೆ ದಪ್ಪ ಗಾಜಿನಲ್ಲಿ ಗೆರೆಯೂ ಮೂಡಲಿಲ್ಲ. ಫೋನುಗಳು ಹೊರಗೆ ಮೇಜಿನ ಮೇಲೆ, ಕಣ್ಣಿಗೆ ಕಾಣುವಂತೆಯೇ ಇದ್ದವು. ಅವುಗಳ ಪಕ್ಕದಲ್ಲಿ ನನ್ನ ಚೀಲ, ಅದರೊಳಗೆ ನನ್ನ ಇನ್ಹೇಲರ್. ಕೋಣೆ ಬಿಸಿಯಾಗುತ್ತ ಬಂತು. ನನಗೆ ಉಬ್ಬಸ ಶುರುವಾಯಿತು.

ದಾರಿ ಒಂದೇ ಇತ್ತು. ಬಾಗಿಲನ್ನು ಹಿಡಿದಿದ್ದ ಅಯಸ್ಕಾಂತದ ಬೀಗವೂ ಅದೇ ಬ್ಯಾಟರಿಯ ಮೇಲೆ ನಿಂತಿತ್ತು, ಬ್ಯಾಟರಿಯ ಕರೆಂಟ್ ಕಡಿಯುವ ಬ್ರೇಕರ್ ನಮ್ಮ ಕೋಣೆಯಲ್ಲೇ ಇತ್ತು. ಅದನ್ನು ಎಳೆದರೆ ಬಾಗಿಲು ಬಿಡುತ್ತದೆ. ಆದರೆ ಎಲ್ಲ ಯಂತ್ರಗಳೂ ಒಮ್ಮೆಗೇ ಆರುತ್ತವೆ, ಒಳಗಿನ ದಾಖಲೆಗಳು ಕೆಡಬಹುದು.

"ನರ್ಸಿಂಗ್ ಹೋಂದು ಇದೆ. ಯಾರಿಗೆ ಏನು ಔಷಧಿ ಕೊಟ್ಟಿದಾರೆ ಅನ್ನೋದೆಲ್ಲ ಅದ್ರಲ್ಲೇ ಇರೋದು. ನೆಲದ್ ಮೇಲೆ ಕೂತ್ಕೋ, ಕೆಳಗೆ ತಂಪಿರತ್ತೆ. ಒಂದೊಂದೇ ನಿಲ್ಲಿಸ್ತೀನಿ."

ಒಂದೊಂದೇ ನಿಲ್ಲಿಸಿದರು. ಪ್ರತಿ ಸಲವೂ ಸಾಲನ್ನು ಓದಿಕೊಂಡರು, ಪ್ರತಿ ಸಲವೂ ಬೆರಳು ಮೇಲೆ ನಿಂತಿತು. ನಾನು ಗೋಡೆಗೊರಗಿ ಅದನ್ನೇ ನೋಡುತ್ತಿದ್ದೆ. ಇದನ್ನು ಬರೆಯದೆ ಬಿಡಲಾರೆ: ಆ ಬೆರಳಿನ ಮೇಲೆ ನನಗೆ ಹುಟ್ಟಿದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಎದೆಯಲ್ಲಿ ಗಾಳಿಗೆ ಜಾಗವಿರಲಿಲ್ಲ.

ನರ್ಸಿಂಗ್ ಹೋಮಿನ ಯಂತ್ರ ಕೊನೆಯದು. ನಿಲ್ಲಲು ಅದು ತುಂಬ ಹೊತ್ತು ಹಿಡಿಯಿತು. "ಇನ್ನೊಂಚೂರು, ಇನ್ನೊಂಚೂರು ತಡ್ಕೋ," ಎನ್ನುತ್ತ ನನ್ನ ಕಡೆ ತಿರುಗಿದರು. ನನ್ನ ಮುಖದಲ್ಲಿ ಏನು ಕಂಡರೋ ಗೊತ್ತಿಲ್ಲ. ಪರದೆಯ ಕಡೆ ಮತ್ತೆ ನೋಡಲಿಲ್ಲ. ಎದ್ದು ಹೋಗಿ ಬ್ರೇಕರ್ ಎಳೆದುಬಿಟ್ಟರು. ಫ್ಯಾನುಗಳು ನಿಂತವು, ಬಾಗಿಲು ತಾನಾಗಿ ಸಡಿಲಿತು.

ದಾಖಲೆ ಕೆಟ್ಟದ್ದರಿಂದ ನರ್ಸಿಂಗ್ ಹೋಮಿನವರು ಅಂದು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೇಳಿ ಎಲ್ಲವನ್ನೂ ಮತ್ತೆ ಬರೆದುಕೊಳ್ಳಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವರು ನಮ್ಮನ್ನು ಬಿಟ್ಟು ತಮ್ಮ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಮೇಡಂ ತಾವೇ ಹಲಸೂರಿಗೆ ಹೋಗಿ ಕ್ಷಮೆ ಕೇಳಿ ಬಂದರು. ನನ್ನ ಉಬ್ಬಸದ ಮಾತನ್ನು ಅಲ್ಲಿ ಎತ್ತಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಯಾಕೆ ಮೇಡಂ ಎಂದರೆ, "ಅದು ಅವರ ತಲೆನೋವಲ್ವಲ್ಲ," ಎಂದರು.

ಬಾಗಿಲಿನ ಕಂಪ್ಯೂಟರಿಗೆ ಮಾತ್ರ ಸೊನ್ನೆ ಅಳಿಸಿ ಹತ್ತು ಬರೆದರು. ಆಫ್ ಮಾಡಿ ಆನ್ ಮಾಡಿದರು. ಅಷ್ಟು ಸಾಲಲಿಲ್ಲ. ತಾವು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಯಂತ್ರವನ್ನು ಬೇಕೆಂದೇ ಕುಸಿಯುವಂತೆ ಮಾಡಲು ಹೊರಗಿದ್ದ ನನಗೆ ಸನ್ನೆ ಮಾಡಿದರು. ನನ್ನ ಕೈ ಏಳಲಿಲ್ಲ.

"ಒತ್ತೇ!" ಗಾಜಿನಾಚೆಯಿಂದ ಕೂಗಿದರು. "ಈ ಸಲ ಒಳಗಿರೋದು ನೀನಲ್ಲ, ನಾನು!"

ಒತ್ತಿದೆ. ಬಿಳಿ ಅಕ್ಷರಗಳು ಬಂದು ನಿಂತವು. ಅವರು ಕೈಕಟ್ಟಿ ನನ್ನನ್ನೇ ನೋಡುತ್ತಿದ್ದರು. ಪರದೆ ಕಪ್ಪಾಯಿತು, ಯಂತ್ರ ಮತ್ತೆ ಎದ್ದಿತು. ಅವರು ಗುಂಡಿ ಒತ್ತಿ ಹೊರಗೆ ಬಂದರು.

ಹೋದ ವರ್ಷ ಮೇಡಂ ತೀರಿಕೊಂಡರು. ಈಗ ಆ ಕೋಣೆ ನನ್ನ ಸುಪರ್ದಿಯಲ್ಲಿದೆ. ಬಾಗಿಲಿನ ಯಂತ್ರವನ್ನು ಆಗಾಗ ಕುಸಿಯುವಂತೆ ಮಾಡಿ ನೋಡುತ್ತೇನೆ. ಆದರೆ ಮುಂಚೆಯೇ ಬಾಗಿಲ ಸಂದಿಗೆ ಒಂದು ಸ್ಟೂಲು ಅಡ್ಡ ಇಟ್ಟಿರುತ್ತೇನೆ, ನಾನು ಹೊರಗೇ ನಿಂತಿರುತ್ತೇನೆ. ಅದನ್ನು ಅವರು ಪರೀಕ್ಷೆ ಎನ್ನುತ್ತಿರಲಿಲ್ಲ.