ಕ್ಲಚ್ ಒತ್ತಿದರೆ ಕೂಗುತ್ತಿದ್ದ ಕಾರು

ಮುದ್ದೇಬಿಹಾಳದ ರಸ್ತೆಯಲ್ಲಿ ಹಳೆಯ ಬಿಳಿ ಅಂಬಾಸಿಡರ್ ಕಾರೊಂದು ನಿಂತು ನಿಂತು ಮುಂದೆ ಹೋಗುವುದು ಕಂಡರೆ, ಹಿಂದಿನ ಆಟೋದವರು ಹಾರ್ನ್ ಹೊಡೆಯುವುದಿಲ್ಲ. ಸ್ಟೇರಿಂಗ್ ಹಿಡಿದವಳು ಯಾರೋ ಹೊಸಬಳು, ಪಕ್ಕದಲ್ಲಿ ಕೂತವಳು ಸುವರ್ಣಾ ಎಂಬುದು ಅವರಿಗೆ ಗೊತ್ತು. ಆ ಆಟೋದವರಲ್ಲಿ ಕೆಲವರ ಹೆಂಡಂದಿರೂ ಅಕ್ಕತಂಗಿಯರೂ ಅವಳ ಹತ್ತಿರವೇ ಕಾರು ಕಲಿತವರು.

ನಾನೂ ಅಲ್ಲೇ ಕಲಿತವಳು. ಎಪಿಎಂಸಿ ಕಚೇರಿಯಲ್ಲಿ ನನ್ನ ಕೆಲಸ. ಸಂಜೆ ಕಚೇರಿ ಮುಗಿಸಿ ಅವಳ ಕಾರು ಹತ್ತುತ್ತಿದ್ದೆ. ಆ ಕಾರಿನಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಯಾರಿಗೆ ಹೇಳುವಾಗಲೂ ನನ್ನ ದನಿ ಸ್ವಲ್ಪ ಏರುತ್ತದೆ.

ಸುವರ್ಣಾಳ ತವರು ಸಿಂದಗಿ ತಾಲೂಕಿನ ಯಂಕಂಚಿ. ತಂದೆ ಸಿದ್ರಾಮ ಬಾಡಿಗೆ ಜೀಪು ಓಡಿಸುತ್ತಿದ್ದರು. ಗಂಡುಮಕ್ಕಳಿಗೆ ಕಲಿಸುವ ಹಾಗೆಯೇ ಮಗಳಿಗೂ ಜೀಪು ಕಲಿಸಿದರು. ಲೈಸೆನ್ಸ್ ಬಂದ ವರ್ಷ ಏಪ್ರಿಲ್‌ನಲ್ಲಿ, ಬಾಬಾಸಾಹೇಬರ ಜಯಂತಿಯ ಮೆರವಣಿಗೆಗೆ ಫೋಟೋ ಇಟ್ಟ ಜೀಪನ್ನು ಅವಳೇ ಓಡಿಸಿದಳಂತೆ. ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದ ಮೇಲೆ, ಹೈಸ್ಕೂಲು ಮಾಸ್ತರಾದ ಗಂಡ ಸುಭಾಸ ಹಳೆಯ ಅಂಬಾಸಿಡರ್ ಕೊಂಡು ತಂದರು. ಅದಕ್ಕೆ ಎಡಗಡೆಯೂ ಕ್ಲಚ್ಚು, ಬ್ರೇಕು ಹಾಕಿಸಿ ಹೆಂಗಸರಿಗೆ ಕಲಿಸಲು ಶುರುಮಾಡಿದಳು. ಸಣ್ಣ ಕಾರು ಯಾಕೆ ತರಲಿಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಇದನ್ನ ಹೊಳ್ಳಿಸಾಕ ಬಂದ್ರ ಯಾವ ಗಾಡಿಗೂ ಅಂಜಂಗಿಲ್ರಿ," ಅಂದಿದ್ದಳು.

ನಮ್ಮ ಜೊತೆ ಕಲಿಯುತ್ತಿದ್ದವರಲ್ಲಿ ಚಂದವ್ವ ಎಲ್ಲರಿಗಿಂತ ಹಿರಿಯಳು. ಕುರಿ ಕಾಯುವ ಮನೆತನದವಳು, ಐವತ್ತು ದಾಟಿತ್ತು. ಅವಳ ಊರಿನ ಹೆಣ್ಣುಮಕ್ಕಳ ಸಂಘಕ್ಕೆ ಒಂದು ಸಣ್ಣ ಗೂಡ್ಸ್ ಗಾಡಿ ಬಂದಿತ್ತು. ಓಡಿಸಲು ಕರೆದ ಗಂಡಸರು ಸಂತೆಯ ದಿನವೇ ನೆಪ ಹೇಳುತ್ತಿದ್ದರು. ಒಂದು ದಿನ ಸಂಘದ ಸಭೆಯಲ್ಲಿ ಚಂದವ್ವ ಎದ್ದು ನಿಂತು, ತಾನೇ ಕಲಿಯುತ್ತೇನೆಂದು ಹೇಳಿ ಬಂದಿದ್ದಳು. ಅವಳ ಸ್ಟೇರಿಂಗ್ ಮೊದಲ ವಾರದಲ್ಲೇ ಹದಕ್ಕೆ ಬಂತು. ಗೇರು ಮಾತ್ರ ಬೀಳಲೊಲ್ಲದು. ರಿವರ್ಸ್ ಹಾಕಿದರೆ ಕರಕರ ಎಂದು ಹಲ್ಲು ಕಡಿದ ಸದ್ದು. ನನ್ನ ಕೈಯಲ್ಲೂ ಒಮ್ಮೊಮ್ಮೆ ಹಾಗಾಗುತ್ತಿತ್ತು, ಹೊಸಬಳ ತಪ್ಪೆಂದುಕೊಂಡಿದ್ದೆ. ವಿಜಯಪುರದಲ್ಲಿ ಟೆಸ್ಟ್ ಹತ್ತಿರ ಬಂದಂತೆ ಅದು ಹೆಚ್ಚುತ್ತಲೇ ಹೋಯಿತು.

ಒಂದು ಸಂಜೆ ಕಾಲೇಜಿನ ಹಿಂದಿನ ಬಯಲಿನಲ್ಲಿ ಅವಳು ಕಾರು ನಿಲ್ಲಿಸಿ, ಸ್ಟೇರಿಂಗ್‌ನಿಂದ ಕೈ ತೆಗೆದುಬಿಟ್ಟಳು.

"ನನ್ನ ಕಾಲೇ ಸರಿ ಇಲ್ರಿ ಅಕ್ಕೋರ. ಕುರಿ ಹಿಂದ ಅಡ್ಡಾಡಿದ ಕಾಲು ಇದು. ಇಂಥಾ ನಾಜೂಕ ಕೆಲಸ ಇದಕ್ಕ ಬರಂಗಿಲ್ಲ. ನಾ ನಾಳಿಂದ ಬರಂಗಿಲ್ರಿ."

ಸುವರ್ಣಾ ಅವಳನ್ನು ಇಳಿಸಿ ತಾನೇ ಆ ಸೀಟಿನಲ್ಲಿ ಕೂತಳು. ಇಂಜಿನ್ ಚಾಲೂ ಇಟ್ಟು ಪೆಡಲಿನ ಮೇಲೆ ಪಾದವನ್ನು ಹಗುರಾಗಿ ಇಟ್ಟಳು. ಸದ್ದಿಲ್ಲ. ಪೂರ್ತಿ ಒತ್ತಿದಳು. ಒಳಗಿನಿಂದ ಕುಂಯ್ ಎಂದು ಸಣ್ಣ ಕೂಗು ಎದ್ದಿತು. ಬಿಟ್ಟಳು, ಕೂಗು ನಿಂತಿತು. ಮತ್ತೆ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ ಆ ಕೂಗಿಗೆ ಕಿವಿಗೊಟ್ಟಳು.

"ಚಂದಕ್ಕಾರ, ನಿಮ್ಮ ಕಾಲು ಚಲೋ ಐತಿ. ತಪ್ಪು ಗಾಡೀದು."

"ಸಮಾಧಾನಕ್ಕ ಹೇಳಬ್ಯಾಡ್ರಿ."

"ಕಲಿಸೋದ್ರಾಗ ನಾ ಸುಳ್ಳ ಹೇಳಂಗಿಲ್ಲ. ತಪ್ಪು ನಿಮ್ದಿದ್ರ ಬೈತಿದ್ದೆ. ಬೈದಿಲ್ಲೇನು ಇಷ್ಟು ದಿನ?"

ಚಂದವ್ವ ನಕ್ಕುಬಿಟ್ಟಳು. ಆ ಮಾತು ನಿಜವಾಗಿತ್ತು.

ಮರುದಿನ ನಾವು ಮೂವರೂ ಅಫ್ತಾಬನ ಗ್ಯಾರೇಜಿಗೆ ಹೋದೆವು. ಸುವರ್ಣಾಳ ಕಾರಿಗೆ ಮೊದಲಿನಿಂದಲೂ ಕೈ ಹಾಕುವವನು ಅವನೊಬ್ಬನೇ. ಕೂಗು ಕೇಳಿ, ಕ್ಲಚ್ಚಿನ ರಿಲೀಸ್ ಬೇರಿಂಗ್ ಕೆಟ್ಟಿರಬೇಕು ಅಂದ.

"ಅದು ಆಗಿದ್ರ ಪೆಡಲಿಗೆ ಕಾಲು ತಾಕಿದ ಕೂಡ್ಲೆ ಕೂಗ್ತಿತ್ತಲ್ಲ ಅಫ್ತಾಬ ಭಾಯಿ? ಇದು ಪೂರಾ ಒತ್ತಿದ ಮ್ಯಾಲೆ ಕೂಗ್ತೈತಿ," ಅಂದಳು ಸುವರ್ಣಾ.

ಅಫ್ತಾಬ ತಾನೇ ಕೂತು ಒತ್ತಿ ನೋಡಿದ. "ಖರೆ ಐತ್ರಿ. ಹಂಗಾದ್ರ ಪೈಲಟ್ ಬುಶ್ಶ. ಗೇರ್‌ಬಾಕ್ಸ್ ಇಳಸೂಣ."

ನನಗೂ ಚಂದವ್ವನಿಗೂ ಅದೇನೆಂದು ತಿಳಿಯದು. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟ್ ಬಿಚ್ಚಿದ ಮೇಲೆ ಸುವರ್ಣಾ ಬೆರಳಿಟ್ಟು ತೋರಿಸಿದಳು. ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕಿನ ತುದಿಯಲ್ಲಿ ಒಂದು ಕುಳಿ, ಅದರೊಳಗೆ ಉಂಗುರದಂಥ ಪುಟ್ಟ ಬುಶ್. ಗೇರ್‌ಬಾಕ್ಸಿನ ಶಾಫ್ಟಿನ ಮೂತಿ ಅದರಲ್ಲಿ ಕೂತಿರುತ್ತದೆ. ಕ್ಲಚ್ ಒತ್ತಿದಾಗ ಇಂಜಿನ್ ತಿರುಗುತ್ತಲೇ ಇರಬೇಕು, ಶಾಫ್ಟ್ ನಿಲ್ಲಬೇಕು. ಬುಶ್ ಕೆಟ್ಟು ಶಾಫ್ಟನ್ನು ಹಿಡಿದುಕೊಂಡರೆ ಅದೂ ಜೊತೆಗೇ ತಿರುಗುತ್ತದೆ. ಆಗ ಯಾರ ಕಾಲು ಎಷ್ಟೇ ಒತ್ತಿದರೂ ಗೇರು ಸರಾಗವಾಗಿ ಬೀಳುವುದಿಲ್ಲ.

"ಅಂದ್ರ ಇದು ನನ್ನ ಕೈಯಾಗ ಹಾಳಾದದ್ದಲ್ಲ?" ಚಂದವ್ವ ಬಗ್ಗಿ ನೋಡುತ್ತ ಕೇಳಿದಳು.

"ನಿಮ್ಕಿಂತ ಮೊದಲೇ ಸವದಿತ್ರಿ ಇದು," ಅಂದ ಅಫ್ತಾಬ.

ಹಳೆಯ ಬುಶ್ ತೆಗೆಯುವುದೇ ಒಂದು ಕೆಲಸವಾಯಿತು. ಕುಳಿಗೆ ಗ್ರೀಸ್ ತುಂಬಿ, ಅಳತೆಗೆ ಸರಿಯಾದ ಸಲಾಕೆ ಇಟ್ಟು ಹೊಡೆದರೆ, ಗ್ರೀಸಿಗೆ ಹೋಗಲು ದಾರಿಯಿಲ್ಲದೆ ಅದು ಹಿಂದಿನಿಂದ ಬುಶ್ಶನ್ನು ಹೊರಗೆ ನೂಕಬೇಕು. ಆದರೆ ಸವೆದ ಬುಶ್ಶಿನ ಸಂದಿಯಿಂದ ಗ್ರೀಸೇ ಪಿಚಕ್ಕನೆ ಹಾರಿ ಅಫ್ತಾಬನ ಗಡ್ಡಕ್ಕೆ ಬಡಿಯಿತು.

"ಗ್ರೀಸು ತಿಳುವು ಆತ್ರಿ, ಗಟ್ಟಿದು ಬೇಕು," ಅಂದಳು ಚಂದವ್ವ. ತನ್ನ ಬುತ್ತಿ ಬಿಚ್ಚಿ ಒಣಗಿದ ಕಟಕ ರೊಟ್ಟಿ ಮುರಿದು, ನೀರಲ್ಲಿ ನೆನೆಸಿ, ಕಿವುಚಿ ಮುದ್ದೆ ಮಾಡಿ ಕೊಟ್ಟಳು. ಅಫ್ತಾಬ ಸುವರ್ಣಾಳ ಮುಖ ನೋಡಿದ. ಅವಳು ತುಂಬು ಎಂದು ಸನ್ನೆ ಮಾಡಿದಳು. ರೊಟ್ಟಿ ತುರುಕಿ ಹೊಡೆದ, ಮತ್ತಷ್ಟು ತುರುಕಿ ಹೊಡೆದ. ಬುಶ್ ನಿಧಾನವಾಗಿ ಹೊರಗೆ ಬಂತು. ಗ್ಯಾರೇಜಿನಲ್ಲಿದ್ದವರೆಲ್ಲ ಹೋ ಎಂದು ಕೂಗಿದರು.

ಬುಶ್ಶಿನ ರಂಧ್ರ ದುಂಡಗೆ ಉಳಿದಿರಲಿಲ್ಲ, ಒಂದು ಕಡೆಗೆ ಎಳೆದಂತಿತ್ತು. ಅಫ್ತಾಬ ಅಯಸ್ಕಾಂತ ಹಿಡಿದ. ಅಪ್ಪಟ ಕಂಚಾಗಿದ್ದರೆ ಅಂಟಬಾರದು, ಇದು ಟಕ್ ಎಂದು ಅಂಟಿತು. ಮೇಲೆ ಕಂಚಿನ ಬಣ್ಣ, ಒಳಗೆ ಕಬ್ಬಿಣ. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಹಾಕಿದ್ದು. ಅದು ಶಾಫ್ಟಿನ ಮೂತಿಯ ಮೇಲೂ ಗೆರೆ ಕೊರೆದಿತ್ತು.

ಅಫ್ತಾಬ ವಿಜಯಪುರದಿಂದ ಎರಡು ಸಾಮಾನು ತರಿಸಿದ. ಒಂದು ಸಿದ್ಧ ಬುಶ್, ಇನ್ನೊಂದು ಸೂಜಿಯಂಥ ಸಣ್ಣ ರೋಲರುಗಳಿದ್ದ ಬೇರಿಂಗ್.

"ಬೇರಿಂಗೇ ಹಾಕೂಣ್ರಿ ಅಕ್ಕಾರ. ಭಾಳ ಹಗರ ತಿರಗತೈತಿ."

ಸುವರ್ಣಾ ಶಾಫ್ಟಿನ ಮೂತಿಯ ಮೇಲೆ ಉಗುರು ಎಳೆದಳು. ಉಗುರು ಗೆರೆಗೆ ಸಿಕ್ಕಿಕೊಂಡಿತು. "ಹೊಸ ಶಾಫ್ಟ್ ಸಿಗತೈತೇನು?"

"ಹಳೀ ಗಾಡಿ. ಎಲ್ಲಿ ಕೇಳಿದ್ರೂ ಇಲ್ಲ ಅಂದ್ರು."

"ಈ ಗೆರಿ ಮ್ಯಾಲೆ ಸೂಜಿ ಓಡಿದ್ರ ಎರಡೂ ಹಾಳಾಗ್ತಾವ. ಮೂತಿ ಉಜ್ಜಿ ನುಣ್ಣಗ ಮಾಡಿದ್ರ ಸಿದ್ಧ ಬುಶ್ ಸಡಲ ಆಗತೈತಿ. ನಮ್ಮ ಗಾಡ್ಯಾಗ ಕಲಿಯೋರು ಕ್ಲಚ್ ಒತ್ತಿ ಹಿಡಕೊಂಡೇ ಇರ್ತಾರ. ಅದಕ್ಕ ತಡಿಯೋದು ಬೇಕ್ರಿ."

ಅಫ್ತಾಬ ಶಾಫ್ಟನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ. ಮೂತಿಯನ್ನು ನುಣ್ಣಗೆ ಉಜ್ಜಿ ಕೊಟ್ಟು, ಅದರ ಅಳತೆಗೇ ಬುಶ್ ಮಾಡಿಸಬೇಕು ಅಂದ. ಸುವರ್ಣಾಳಿಗೆ ಸಿಂದಗಿಯಲ್ಲಿ ಲೋಹ ಕಡೆಯುವ ಲೇತ್ ಅಂಗಡಿಯ ಸೋಮನಿಂಗನ ನೆನಪಾಯಿತು. ಅವಳ ತಂದೆಯ ಜೀಪಿನ ಕೆಲಸವೆಲ್ಲ ಅವನ ಹತ್ತಿರವೇ ಆಗುತ್ತಿತ್ತು. ಕಚೇರಿಗೆ ರಜೆ ಇದ್ದ ದಿನ, ಶಾಫ್ಟನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನಾವಿಬ್ಬರೂ ಬಸ್ಸು ಹತ್ತಿದೆವು. ಮಗಳು ಬರುವ ಸುದ್ದಿ ತಿಳಿದು ಸಿದ್ರಾಮ ಯಂಕಂಚಿಯಿಂದ ಬಂದು ಲೇತಿನ ಬಾಗಿಲಲ್ಲೇ ಕೂತಿದ್ದರು.

ಸೋಮನಿಂಗ ಎರಡು ತುಂಡು ಮುಂದಿಟ್ಟ. ಒಂದು ಗಟ್ಟಿ ಕಂಚು. ಇನ್ನೊಂದು ಕಂಚಿನ ಪುಡಿಯನ್ನು ಒತ್ತಿ ಮಾಡಿದ ದಪ್ಪ ಬುಶ್, ಎಣ್ಣೆ ಕುಡಿಯುವಂಥದ್ದು. ಎರಡಕ್ಕೂ ಅಯಸ್ಕಾಂತ ಅಂಟಲಿಲ್ಲ.

"ಗಟ್ಟೀದ ತಾಕತ್ತು ಜಾಸ್ತಿ. ಯಾವುದು ಮಾಡ್ಲಿ ತಂಗಿ?" ಎಂದು ಕೇಳಿದ.

ಸುವರ್ಣಾ ತಂದೆಯ ಕಡೆ ನೋಡಿದಳು. ಸಿದ್ರಾಮ ಬೇಕೆಂದೇ ರಸ್ತೆಯ ಕಡೆ ಮುಖ ತಿರುಗಿಸಿದರು.

ಅವಳು ಎರಡನೆಯದರ ರಂಧ್ರಕ್ಕೆ ಎಣ್ಣೆ ತುಂಬಿ, ಎರಡೂ ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಬುಶ್ಶಿನ ಹೊರಮೈಯಲ್ಲಿ ಬೆವರಿನಂತೆ ಎಣ್ಣೆಯ ಹನಿಗಳು ಮೂಡಿದವು.

"ಇದು ಮಾಡ್ರಿ. ಒಳಗ ಕೂತ ಮ್ಯಾಲೆ ಅದಕ್ಕ ಎಣ್ಣಿ ಹಾಕೋರು ಯಾರೂ ಇಲ್ಲ. ತನ್ನ ಎಣ್ಣಿ ತಾನೇ ಇಟಗೊಳ್ಳೋದು ಬೇಕು."

ಸೋಮನಿಂಗ ಉಳಿಯನ್ನು ಹೊಸದಾಗಿ ಸಾಣೆ ಹಿಡಿದುಕೊಂಡ. ಮೊಂಡು ಉಳಿ ತಾಗಿದರೆ ಎಣ್ಣೆ ಬರುವ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವಂತೆ. ಕೊರೆದು ಮುಗಿಸಿ ಶಾಫ್ಟಿಗೆ ಏರಿಸಿದಾಗ ಕೂದಲೆಳೆಯಷ್ಟು ಸಡಿಲವಿತ್ತು. ನಾನು ಗಾಬರಿಯಾದೆ.

"ಕುಳ್ಯಾಗ ಬಡದು ಕೂಡಿಸಿದಾಗ ತೂತು ಬಿಗಿ ಆಗತೈತ್ರಿ," ಅಂದಳು ಸುವರ್ಣಾ.

ಸಿದ್ರಾಮ ಬುಶ್ ಇಸಿದುಕೊಂಡು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಸೋಮನಿಂಗನಿಗೆ, "ನಾ ಇದ್ರೂ ಇದನ್ನೇ ಆರಸ್ತಿದ್ದೆ ನೋಡಪಾ," ಅಂದರು. ಬಸ್ಸು ಹೊರಡುವವರೆಗೂ ಅವರ ಮುಖದ ಮೇಲಿನ ನಗು ಇಳಿಯಲಿಲ್ಲ.

ಬುಶ್ ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಯಿತು. ಮರುದಿನ ಅಫ್ತಾಬ ಅದನ್ನು ಹದವಾಗಿ ಬಡಿದು ಕೂರಿಸಿದ, ಗೇರ್‌ಬಾಕ್ಸ್ ಏರಿಸಿದ. ಮೊದಲು ಓಡಿಸಲು ಸುವರ್ಣಾ ಕೀಲಿ ಕೊಟ್ಟದ್ದು ಚಂದವ್ವನಿಗೆ. ಚಂದವ್ವ ಚಪ್ಪಲಿ ಬಿಟ್ಟು ಕ್ಲಚ್ ಒತ್ತಿದಳು. ಕೂಗಿಲ್ಲ. ರಿವರ್ಸ್ ಹಾಕಿದಳು. ಸದ್ದೇ ಇಲ್ಲದೆ ಬಿತ್ತು. ಗ್ಯಾರೇಜಿನಿಂದ ಹಿಂದಕ್ಕೆ ರಸ್ತೆಗೆ ಬಂದು, ಹೊರಳಿ, ನಿಂತಳು. ಕಿಟಕಿಯಿಂದ ಅವಳು ನಮ್ಮನ್ನು ನೋಡಿದ ನೋಟ ಇನ್ನೂ ನನ್ನ ಕಣ್ಣ ಮುಂದಿದೆ.

ವಿಜಯಪುರದ ಟೆಸ್ಟಿಗೆ ಅದೇ ಕಾರಿನಲ್ಲಿ ಹೋದೆವು. ನಾನು ಒಮ್ಮೆ ಇಂಜಿನ್ ಆಫ್ ಮಾಡಿಕೊಂಡು ಹೇಗೋ ಪಾಸಾದೆ. ಚಂದವ್ವ ಕಂಬಗಳ ನಡುವೆ ಹಿಂದಕ್ಕೆ ಓಡಿಸಿದಾಗ, ಸರದಿಯಲ್ಲಿ ನಿಂತಿದ್ದ ಹುಡುಗರು ಮಾತು ನಿಲ್ಲಿಸಿ ನೋಡಿದರು. ಇನ್ಸ್‌ಪೆಕ್ಟರ್ ಎಷ್ಟು ವರ್ಷದಿಂದ ಓಡಿಸುತ್ತೀರಿ ಎಂದು ಕೇಳಿದರು. "ಈಗ ಕಲ್ತೇನ್ರಿ ಸಾಹೇಬ್ರ, ನಮ್ಮ ಅಕ್ಕೋರು ಅದಾರ ನೋಡ್ರಿ ಅಲ್ಲಿ," ಎಂದು ಅವಳು ಮರದ ಕೆಳಗೆ ನಿಂತ ಸುವರ್ಣಾಳ ಕಡೆ ಕೈ ಮಾಡಿದಳು. ಸುವರ್ಣಾ ಸೆರಗಿನಿಂದ ಮುಖ ಒರೆಸಿಕೊಂಡಳು. ಬಿಸಿಲು ಜೋರಿತ್ತು, ಆದರೂ ಅದು ಬೆವರೊಂದೇ ಅಲ್ಲ ಎಂದು ನನಗನ್ನಿಸಿತು.

ಈಗ ಸಂತೆಯ ದಿನ ಸಂಘದ ಗಾಡಿಯಲ್ಲಿ ಕುರಿಮರಿಗಳನ್ನು ಏರಿಸಿಕೊಂಡು ಚಂದವ್ವ ಬಸ್ ನಿಲ್ದಾಣದ ಮುಂದೆ ಹಾಯುತ್ತಾಳೆ. ಕಳೆದ ವಾರ ನಾನು ಚಹಾ ಅಂಗಡಿಯ ಎದುರು ನಿಂತಿದ್ದೆ. ಬಿಳಿ ಅಂಬಾಸಿಡರ್ ಹೊಸ ಹುಡುಗಿಯೊಬ್ಬಳ ಕೈಯಲ್ಲಿ ನಡು ರಸ್ತೆಯಲ್ಲೇ ನಿಂತುಬಿಟ್ಟಿತ್ತು. ಎದುರಿನಿಂದ ಚಂದವ್ವನ ಗಾಡಿ ಬಂತು. ಅವಳು ತನ್ನ ಗಾಡಿಯನ್ನು ನೀಟಾಗಿ ಹಿಂದಕ್ಕೆ ತೆಗೆದು ದಾರಿ ಬಿಟ್ಟುಕೊಟ್ಟಳು. ಸುವರ್ಣಾ ಆ ಹುಡುಗಿಗೆ ಹೇಳುತ್ತಿದ್ದದ್ದು ತೆರೆದ ಕಿಟಕಿಯಿಂದ ನನಗೂ ಕೇಳಿಸಿತು:

"ನೋಡವಾ, ಹಿಂದ ಹೆಂಗ ತಗೊಂಡ್ರು. ನನ್ನ ಕಡೆ ಕಲ್ತೋರು ಅವ್ರು."