ಲವಂಗದ ಎಣ್ಣೆ ಎಷ್ಟು ಹನಿ

ನಮ್ಮತ್ತೆಗೆ ಕೋಪ ಮೂಗಿನ ತುದಿಯಲ್ಲಿತ್ತು. ಕೆಲಸವೂ ಅಲ್ಲೇ ಇತ್ತು.

ನಾವಿಬ್ಬರೂ ದುಡಿಯುವ ಕೋಲ್ಡ್ ಸ್ಟೋರೇಜಿನಲ್ಲಿ ಆರು ಕೋಣೆಗಳಿವೆ. ಆರರಲ್ಲೂ ನೆಲದಿಂದ ಸೂರಿನವರೆಗೆ ಸೇಬಿನ ಪೆಟ್ಟಿಗೆಗಳು. ತಿಂಗಳುಗಟ್ಟಲೆ ಮುಚ್ಚಿಟ್ಟ ಕೋಣೆಯನ್ನು ತೆರೆಯುವಾಗ ಅಲ್ಲೊಂದು ಕಟ್ಟಳೆ. ಮೇಸ್ತ್ರಿ ಅಗುಳಿ ಎಳೆದು ಬಾಗಿಲನ್ನು ಒಂದು ಗೇಣು ಸರಿಸುತ್ತಾರೆ, ಉಳಿದವರೆಲ್ಲ ಹಿಂದೆ ನಿಲ್ಲುತ್ತಾರೆ. ಅತ್ತೆ ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ, ಮೊದಲ ಉಸಿರು ಎಳೆದುಕೊಳ್ಳಬೇಕು. ಒಂದು ಕ್ಷಣ ತಡೆದು, "ಎಡಗಡೆ ಕೆಳಗಿನ ಸಾಲಲ್ಲಿ ಕೊಳೆತಿದೆ, ನೋಡ್ರೋ" ಅನ್ನುತ್ತಿದ್ದರು. ಹೋಗಿ ನೋಡಿದರೆ ಕೊಳೆತಿರುತ್ತಿತ್ತು. ಒಂದು ಹಣ್ಣು ಕೊಳೆತರೆ ಪೆಟ್ಟಿಗೆ ಕೆಡುತ್ತದೆ, ಪೆಟ್ಟಿಗೆ ಕೆಟ್ಟರೆ ಸಾಲು. ಅದಕ್ಕೇ ಆ ಮೂಗಿಗೆ ಅಷ್ಟು ಮರ್ಯಾದೆ.

"ಅಮ್ಮನ ಮೂಗಿಗೊಂದು ಬೀಗ ಮಾಡಿಸ್ಬೇಕು. ಯಾರಾದ್ರೂ ಕದ್ದರೆ ನಮ್ಮ ಗತಿ ಏನು?" ಎಂದು ಮೇಸ್ತ್ರಿ ತಮಾಷೆ ಮಾಡುತ್ತಿದ್ದರು. ಅತ್ತೆ ನಗುತ್ತಿರಲಿಲ್ಲ. ಅವರ ಮಂಡಿ ಸವೆದು ವರ್ಷಗಳಾಗಿದ್ದವು, ಪೆಟ್ಟಿಗೆ ಎತ್ತಲಾಗುತ್ತಿರಲಿಲ್ಲ, ಹಣ್ಣು ಆರಿಸುವ ಮೇಜಿನ ಬಳಿ ಎಂಟು ಗಂಟೆ ನಿಲ್ಲಲೂ ಆಗುತ್ತಿರಲಿಲ್ಲ. ಮೂಗು ಇರುವವರೆಗೆ ಮಾತ್ರ ಆ ಬಾಗಿಲು, ಬಾಗಿಲ ಪಕ್ಕದ ಆ ಮರದ ಸ್ಟೂಲು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಮೂಗಿನ ಜೊತೆ ಒಂದೇ ಸೂರಿನ ಕೆಳಗೆ ಬಾಳುವುದು ಏನೆಂದು ನನ್ನನ್ನು ಕೇಳಿ. ಮದುವೆಯಾದ ಹೊಸದರಲ್ಲಿ ನಾನು ಒಲೆಯ ಮುಂದೆ ನಿಂತಿದ್ದರೆ, ಅವರು ಬೀದಿಯಿಂದಲೇ "ತಳ ಹಿಡೀತಿದೆ" ಎನ್ನುತ್ತಿದ್ದರು. ಹಾಸಿಗೆಯ ಕೆಳಗೆ ಬಚ್ಚಿಟ್ಟ ಒದ್ದೆ ಸಾಕ್ಸು, ನಿನ್ನೆಯ ಹಾಲಿಗೆ ಬೆರೆಸಿದ ಇವತ್ತಿನ ಹಾಲು, ಗಂಡ ಲಾರಿಯಿಂದ ಇಳಿದು ಬಾಯಿ ಮುಕ್ಕಳಿಸಿ ಬಂದರೂ ಉಳಿದ ಬೀಡಿ, ಯಾವುದೂ ತಪ್ಪಿಸಿಕೊಂಡದ್ದಿಲ್ಲ. ಕೆಟ್ಟವರಲ್ಲ ಅವರು. ನನಗೆ ಜ್ವರ ಬಂದರೆ ರಾತ್ರಿಯಿಡೀ ಕೂತವರು. ಆದರೆ ಹನ್ನೊಂದು ವರ್ಷ ದಿನಾ ಒಬ್ಬರ ಕೈಗೆ ಸಿಕ್ಕಿಬೀಳುತ್ತಾ ಬಂದರೆ ಮನಸ್ಸಿನ ಮೂಲೆಯಲ್ಲಿ ಏನೋ ಹುಳಿಯುತ್ತದೆ. ನನ್ನಲ್ಲೂ ಹುಳಿತಿತ್ತು.

ಇನ್ನು ಮುಲಾಮಿನ ಮಾತು. ಕೋಣೆಯೊಳಗಿನ ಚಳಿಗೆ ನಮ್ಮ ಹೆಂಗಸರ ತುಟಿಗಳೆಲ್ಲ ಸೀಳುತ್ತವೆ, ನಕ್ಕರೆ ರಕ್ತ. ಅಂಗಡಿಯ ಲಿಪ್ ಬಾಮ್ ಆ ಚಳಿಗೆ ಕಲ್ಲಾಗುತ್ತದೆ. ಅತ್ತೆ ಮನೆಯಲ್ಲೇ ಮಾಡಿ ಎಲ್ಲರಿಗೂ ಒಂದೊಂದು ಪುಟ್ಟ ಡಬ್ಬಿ ಕೊಡುತ್ತಿದ್ದರು. ಜೇನುಮೇಣವನ್ನು ತುರಿದು ಬಟ್ಟಲಿಗೆ ಹಾಕಿ, ಬಟ್ಟಲನ್ನು ಕುದಿವ ನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸುವುದು. ಕೊಬ್ಬರಿ ಎಣ್ಣೆ, ಸ್ವಲ್ಪ ಬಾದಾಮಿ ಎಣ್ಣೆ. ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು ಉಗುರಿನಿಂದ ಒತ್ತಿ ನೋಡುವುದು, ಗಟ್ಟಿಯಾದರೆ ಎಣ್ಣೆ, ಸಡಿಲವಾದರೆ ಮೇಣ. ಕೊನೆಗೆ, ಸೀಳಿನ ನೋವು ತಿಳಿಯದಿರಲೆಂದು ಲವಂಗದ ಎಣ್ಣೆ. ಅದು ಮಾತ್ರ ಹನಿ ಲೆಕ್ಕ.

"ಎಷ್ಟು ಹನಿ, ಅತ್ತೆ? ಬರೆದಿಟ್ಕೋತೀನಿ" ಎಂದು ಒಮ್ಮೆ ಕೇಳಿದ್ದೆ.

"ಬರೆಯೋಕೆ ಅದೇನು ಔಷಧಿ ಚೀಟೀನಾ? ಮೇಣದ ಹದ ಉಗುರು ಹೇಳುತ್ತೆ, ಲವಂಗದ ಹದ ಮೂಗು ಹೇಳುತ್ತೆ" ಎಂದಿದ್ದರು.

ಈ ಚಳಿಗಾಲದ ಮೊದಲಲ್ಲಿ ಅವರಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿದರು. ಎದ್ದ ಮೇಲೆ ಎಲ್ಲ ಮೊದಲಿನಂತೆಯೇ ಕಂಡಿತು, ಒಂದನ್ನು ಬಿಟ್ಟು. ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ಅಡುಗೆಮನೆ ತುಂಬ ಕಮಟು ವಾಸನೆ, ಹಾಲು ಉಕ್ಕಿ ಸೀದು ಪಾತ್ರೆ ಕರಿ ಹಿಡಿದಿತ್ತು. ಅತ್ತೆ ಒಲೆಗೆ ಬೆನ್ನು ಹಾಕಿ, ಎರಡು ಮಾರು ದೂರದಲ್ಲಿ ಕೂತು ಕೋಟಿನ ಗುಂಡಿ ಹೊಲಿಯುತ್ತಿದ್ದರು. ನಾನು ಕೂಗಿದಾಗ ತಿರುಗಿದರು. ಒಲೆಯನ್ನು ಕಣ್ಣಾರೆ ಕಂಡ ಮೇಲಷ್ಟೇ ಅವರ ಮುಖ ಬಿಳಿಚಿತು.

"ಯಾವುದೋ ಯೋಚನೇಲಿದ್ದೆ" ಎಂದರು.

ಆಮೇಲೆ ಗಮನಿಸತೊಡಗಿದೆ. ಯಾರೂ ನೋಡುತ್ತಿಲ್ಲ ಎಂದುಕೊಂಡು ಸೋಪು ಮೂಸುತ್ತಿದ್ದರು, ಕಾಫಿಪುಡಿಯ ಡಬ್ಬಿ ಮೂಸುತ್ತಿದ್ದರು, ತಮ್ಮ ಅಂಗೈ ಮೂಸುತ್ತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಮುಂದಿನ ಕೋಣೆ ತೆರೆಯಲು ಇನ್ನೂ ಹತ್ತು ದಿನವಿತ್ತು. ಅಷ್ಟರಲ್ಲಿ ಮೂಗು ಮರಳಿ ಬರಲಿ ಎಂದು ಅವರು ಕಾಯುತ್ತಿದ್ದರು. ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದರೆ ಮುಖಕ್ಕೆ ಹೊಡೆದಂತೆ ಬೈಯುತ್ತಾರೆ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ ಏನಿತ್ತು ಎಂದು ಮುಂದೆ ಹೇಳುತ್ತೇನೆ.

ಅದೇ ವಾರ ಹೆಂಗಸರು "ಅಮ್ಮ, ಮುಲಾಮು ಮುಗೀತು" ಎಂದರು. ಭಾನುವಾರ ಅತ್ತೆ ಮೇಣ ತುರಿದರು. ಮೇಜಿನ ಮೇಲೆ ಹನ್ನೆರಡು ಡಬ್ಬಿ ಸಾಲಾಗಿ ಇಟ್ಟು ನಾನು ಎದುರಿಗೆ ಕೂತಿದ್ದೆ. ಮೇಣ ಕರಗಿತು, ಎಣ್ಣೆ ಸೇರಿತು, ತಟ್ಟೆಯ ಮೇಲೆ ತೊಟ್ಟು ಬಿಟ್ಟು ಉಗುರಿಂದ ಒತ್ತಿದರು, ಸರಿಯಾಗಿತ್ತು. ಆಮೇಲೆ ಲವಂಗದ ಶೀಷೆ ಕೈಗೆತ್ತಿಕೊಂಡರು. ಐದಾರು ಹನಿ ಹಾಕಿ ಬಗ್ಗಿ ಮೂಸಿದರು. ಮತ್ತೆ ನಾಲ್ಕು ಹನಿ. ಮೂಸಿದರು. ನನಗೆ ಎದುರಿನಿಂದಲೇ ಘಾಟು ಬರತೊಡಗಿತ್ತು. ಅವರು ಬಟ್ಟಲಿನ ಮೇಲೆ ಮುಖವಿಟ್ಟು ಮತ್ತೆ ಮತ್ತೆ ಉಸಿರೆಳೆದುಕೊಂಡು, ಮತ್ತೆ ಮತ್ತೆ ಹನಿ ಬಿಟ್ಟರು. ನಾನು ಎಣಿಸುತ್ತಿದ್ದೆ. ಹದಿನೈದಾಯಿತು, ಇಪ್ಪತ್ತಾಯಿತು, ಮೂವತ್ತು ದಾಟಿತು. ನಡುವೆ ಅವರು ಎರಡು ಸಲ ಕೈ ತಡೆದು ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ.

ಇನ್ನೊಂದು ಕಡೆ ಇದ್ದದ್ದು ಇದು. ಒಂದು ಸಲ, ಒಂದೇ ಒಂದು ಸಲ, ಈ ಮೂಗು ತಪ್ಪಲಿ, ತಪ್ಪಿದ್ದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ನನಗೆ ಅನಿಸಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ಹೌದು.

ಸೋಮವಾರ ಡಬ್ಬಿಗಳು ಹಂಚಿಹೋದವು. "ಈ ಸಲ ಘಾಟು ಜಾಸ್ತಿ ಅಲ್ವಾ?" ಎಂದು ಒಬ್ಬಳು ಅಂದಳು. "ಅಮ್ಮ ಮಾಡಿದ್ದು ಅಂದ್ಮೇಲೆ ಸರಿಯಾಗೇ ಇರುತ್ತೆ, ಹಚ್ಕೊಳೆ" ಎಂದು ಉದ್ದಕ್ಕ ಗದರಿದಳು. ಉದ್ದಕ್ಕ ನಮ್ಮ ಮೇಜಿನವಳು, ಆರಡಿ ಎತ್ತರ, ಬಾಯಿ ಅದಕ್ಕಿಂತ ಉದ್ದ. ಧಾರಾಳವಾಗಿ ಬಳಿದುಕೊಂಡಳು. ಲವಂಗ ಮೊದಲು ಮರಗಟ್ಟಿಸುತ್ತದೆ, ಹಾಗಾಗಿ ಯಾರಿಗೂ ತಕ್ಷಣ ತಿಳಿಯಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಐದು ಜನರ ತುಟಿ ಉರಿದು ಕೆಂಪಾಗಿತ್ತು. ಉದ್ದಕ್ಕನ ಕೆಳತುಟಿ ಊದಿ ಗುಳ್ಳೆ ಎದ್ದಿತ್ತು, ಅನ್ನ ಬಾಯಿಗಿಡಲಾಗದೆ ಕಣ್ಣಲ್ಲಿ ನೀರು. ಮಾತು ನಿಲ್ಲಿಸದವಳು ಮಾತು ನಿಲ್ಲಿಸಿದ್ದಳು.

ಮೇಸ್ತ್ರಿ ಬಂದರು. "ಏನಮ್ಮ ಇದು? ಏನು ಹಾಕಿದ್ರಿ ಇದಕ್ಕೆ?"

ಅತ್ತೆ ಸ್ಟೂಲಿನಿಂದ ಎದ್ದು ನಿಂತಿದ್ದರು. ಮಫ್ಲರು ಬಾಯಿಯವರೆಗೆ ಸುತ್ತಿಕೊಂಡಿದ್ದರು. ಅವರ ಕಣ್ಣು ಬಾಗಿಲ ಕಡೆ ಹೋಯಿತು. ನಾನು ಯೋಚಿಸಲಿಲ್ಲ. "ಲವಂಗದ ಎಣ್ಣೆ ಹಾಕಿದ್ದು ನಾನು. ಅತ್ತೆಗೆ ಹುಷಾರಿರಲಿಲ್ಲ, ಕಲಿಯೋಣ ಅಂತ ನಾನೇ ಹಾಕ್ದೆ" ಎಂದೆ.

ಅತ್ತೆ ಏನಾದರೂ ಅನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ. ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

ಸುಳ್ಳು ಹೇಳಿದ್ದು ನಾನೇ, ಸರಿ. ಆದರೆ ಅದನ್ನು ಅವರು ಅಷ್ಟು ಸುಲಭವಾಗಿ ತೆಗೆದುಕೊಳ್ಳುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಮೂರು ದಿನ ಮೇಜಿನ ಬಳಿ ನನ್ನ ಜೊತೆ ಯಾರೂ ನೆಟ್ಟಗೆ ಮಾತಾಡಲಿಲ್ಲ. "ನರಿ ಬರೆ ಹಾಕಿಕೊಂಡ್ರೆ ಹುಲಿ ಆಗುತ್ತಾ" ಎಂದು ಒಬ್ಬಳು ನನಗೆ ಕೇಳುವಂತೆಯೇ ಅಂದಳು. ಉದ್ದಕ್ಕ ಸ್ಟ್ರಾ ಹಾಕಿಕೊಂಡು ಗಂಜಿ ಕುಡಿಯುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ಮನೆಯಲ್ಲಿ ಅತ್ತೆ ತಟ್ಟೆಗೆ ಬಡಿಸುತ್ತಿದ್ದರು, ತೊಳೆಯುತ್ತಿದ್ದರು, ಮಫ್ಲರು ತೆಗೆಯುತ್ತಿರಲಿಲ್ಲ. ಬಟ್ಟಲಲ್ಲಿ ಉಳಿದ ಮುಲಾಮನ್ನು ಅವರೂ ಹಚ್ಚಿಕೊಂಡಿದ್ದರು, ಅವರ ತುಟಿಯೂ ಬೆಂದಿತ್ತು. ನನಗೆ ಸಿಟ್ಟು ಕುದಿಯುತ್ತಿತ್ತು, ಆಡುವಂತಿರಲಿಲ್ಲ, ಬಿಡುವಂತಿರಲಿಲ್ಲ.

ಶುಕ್ರವಾರ ಮೂರನೆಯ ಕೋಣೆ ತೆರೆಯುವ ದಿನ. ಲಾರಿ ಹೊರಗೆ ಕಾಯುತ್ತಿತ್ತು. ಮೇಸ್ತ್ರಿ ಅಗುಳಿ ಎಳೆದರು, ಬಾಗಿಲು ಗೇಣು ಸರಿಯಿತು, ನಾವೆಲ್ಲ ಹಿಂದೆ ನಿಂತೆವು. ಅತ್ತೆ ಹೊಸ್ತಿಲಿಗೆ ಹೋಗಿ ಮಫ್ಲರು ಕೆಳಗಿಳಿಸಿ ಕಣ್ಣು ಮುಚ್ಚಿದರು. ಉಸಿರು ಎಳೆದರು. ಬಿಟ್ಟರು. ಮತ್ತೊಮ್ಮೆ ಎಳೆದರು. ಎರಡನೆಯ ಉಸಿರು ಎಳೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ಸರಿಯಿದೆ" ಎಂದುಬಿಡಿ ಅತ್ತೆ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸಿಟ್ಟೆಲ್ಲ ಎಲ್ಲಿ ಹೋಯಿತೋ.

"ಏನೂ ಕೊಳೆತಿಲ್ವಾ, ಅಮ್ಮ?" ಎಂದರು ಮೇಸ್ತ್ರಿ.

"ಕೊಳೆತಿದೆಯೋ ಇಲ್ವೋ ಗೊತ್ತಿಲ್ಲ" ಎಂದರು ಅತ್ತೆ. "ಜ್ವರ ಬಂದು ಹೋದಾಗಿಂದ ನನಗೆ ಯಾವ ವಾಸನೇನೂ ತಿಳೀತಿಲ್ಲ. ಪೆಟ್ಟಿಗೆ ಒಂದೊಂದೇ ಬಿಚ್ಚಿ ನೋಡಿಸಿ. ನನ್ನ ಮಾತು ನಂಬಿ ಕಳಿಸ್ಬೇಡಿ." ಆಮೇಲೆ ಉದ್ದಕ್ಕನ ಕಡೆ ತಿರುಗಿದರು. "ಆ ಎಣ್ಣೆ ಹಾಕಿದ್ದೂ ನಾನೇ ಕಣಮ್ಮ. ಇವಳಲ್ಲ."

ಸೊಸೆಗಾಗಿ ಮೂರು ದಿನ ತೆರೆಯದ ಬಾಯಿ ಸೇಬಿಗಾಗಿ ತೆರೆಯಿತಲ್ಲ ಎಂದು ಒಂದು ಗಳಿಗೆ ನನಗೆ ಚುಚ್ಚಿತು. ಆದರೆ ಅವರ ಬೆಂದ ತುಟಿ ಅವತ್ತೇ ಎಲ್ಲರಿಗೂ ಕಂಡದ್ದು. ಉದ್ದಕ್ಕ ಹೋಗಿ ಸ್ಟೂಲು ತಂದು ಹಾಕಿದಳು. ಅತ್ತೆ ಕೂರಲಿಲ್ಲ.

ಪೆಟ್ಟಿಗೆಗಳನ್ನು ಬಿಚ್ಚಿದಾಗ ಬಲಗಡೆ ನಡುವಿನ ಸಾಲಿನಲ್ಲಿ ನಾಲ್ಕು ಪೆಟ್ಟಿಗೆ ಕೊಳೆತಿತ್ತು. ಸಂಜೆ ಮೇಸ್ತ್ರಿ ಮೆತ್ತಗಿನ ದನಿಯಲ್ಲಿ, "ಮನೇಲಿ ಸುಧಾರಿಸ್ಕೊಳ್ಳಿ ಅಮ್ಮ. ಮೂಗು ಸರಿಹೋದ್ಮೇಲೆ ಹೇಳಿ ಕಳಿಸಿ" ಎಂದರು. ಡಾಕ್ಟರನ್ನು ಕೇಳಿದೆವು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಈಗ ಕೈಗವಸುಗಳ ಬುಟ್ಟಿ ಇಟ್ಟಿದ್ದಾರೆ.

ಮರುದಿನವೇ ಅತ್ತೆ, "ಡಬ್ಬಿಗಳನ್ನೆಲ್ಲ ವಾಪಸ್ ಇಸ್ಕೊಂಡು ಬಾ. ಬಿಸಾಡೋದು ಯಾಕೆ, ಮೇಣ ಎಣ್ಣೆ ನಾಲ್ಕು ಪಟ್ಟು ಸೇರಿಸಿದ್ರೆ ಸರಿಹೋಗುತ್ತೆ" ಎಂದರು. ತಂದುಕೊಟ್ಟೆ. ಅಡುಗೆಮನೆಯ ಮೇಜಿನ ಮೇಲೆ ಮತ್ತೆ ಹನ್ನೆರಡು ಡಬ್ಬಿ. ಅವರು ಒಂದೊಂದನ್ನೇ ತೆರೆದು ಚಮಚದಿಂದ ಕೆರೆದು ಬಟ್ಟಲಿಗೆ ಹಾಕುತ್ತಿದ್ದರು. ಎಲ್ಲ ಡಬ್ಬಿಯಲ್ಲೂ ಬೆರಳು ತೆಗೆದ ಗುಳಿ. ಉದ್ದಕ್ಕನದು ಅರ್ಧ ಖಾಲಿ. ಕೊನೆಯದನ್ನು ತೆರೆದವರು ಹಾಗೇ ಕೈಯಲ್ಲಿ ಹಿಡಿದುಕೊಂಡರು. ಅದರ ಮೈ ನುಣ್ಣಗಿತ್ತು, ಹೊಯ್ದಾಗ ಹೇಗಿತ್ತೋ ಹಾಗೆ.

"ಇದು ನಿಂದಲ್ವಾ?"

"ಹೂಂ."

"ನೀನು ಹಚ್ಕೊಳ್ಳಲೇ ಇಲ್ಲ."

ಕುಂಬಳಕಾಯಿ ಕಳ್ಳನಂತೆ ನಾನು ನೆಲ ನೋಡಿದೆ.

"ಎಷ್ಟು ಹನಿ?" ಎಂದರು.

"ನಲವತ್ತೊಂದು."

ಅತ್ತೆ ಡಬ್ಬಿಯನ್ನು ಕೆರೆಯುತ್ತಾ ಹೇಳಿದರು. "ನಿನ್ನ ತುಟಿ ಅಲ್ಲಾಡೋದು ಕಾಣ್ತಿತ್ತು. ಎಣಿಸ್ತಿದ್ದಾಳೆ, ಜಾಸ್ತಿ ಆದ್ರೆ ಸಾಕು ಅಂತಾಳೆ ಅಂತ ಹಾಕ್ತಾ ಹೋದೆ ಕಣೆ. ಬಾಯಿಬಿಟ್ಟು ಕೇಳೋಕೆ ನನ್ನ ಕೈಲಿ ಆಗ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಎರಡು ಸಲ ಕೈ ತಡೆದು ನನ್ನ ಕಡೆ ನೋಡಿದ್ದು ಯಾಕೆಂದು ಆಗ ತಿಳಿಯಿತು. ನಾನು ಅತ್ತುಬಿಟ್ಟೆ. ಅವರು ಬಟ್ಟಲನ್ನು ಬಿಸಿನೀರಿನಲ್ಲಿಟ್ಟು, ಮೇಣ ತುರಿದು ಹಾಕಿ, ಎಣ್ಣೆ ಸುರಿದು, ತಟ್ಟೆಯ ಮೇಲೆ ತೊಟ್ಟು ಬಿಟ್ಟು ಉಗುರಿನಿಂದ ಒತ್ತಿ ನೋಡಿದರು. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

ಮೂಸಿದರೆ ಏನೂ ತಿಳಿಯಲಿಲ್ಲ, ಅತ್ತು ನನ್ನ ಮೂಗೂ ಕಟ್ಟಿತ್ತು. ಬೆರಳಲ್ಲಿ ತೆಗೆದು ತುಟಿಗೆ ಹಚ್ಚಿಕೊಂಡೆ. ಇಬ್ಬರೂ ಗೋಡೆಯ ಗಡಿಯಾರ ನೋಡುತ್ತಾ ಕೂತೆವು. ಕಾಲು ಗಂಟೆ ಕಳೆಯಿತು.

"ಉರೀತಿದೆಯಾ?" ಎಂದು ಕೇಳಿದರು.

"ಇಲ್ಲ, ಅತ್ತೆ."

"ನಿಜ ಹೇಳು."

"ಸ್ವಲ್ಪ ಉರೀತಿದೆ" ಎಂದೆ.

ಅತ್ತೆ ಕೊಬ್ಬರಿ ಎಣ್ಣೆಯ ಬಾಟಲಿಗೆ ಕೈ ಚಾಚಿದರು.