ಕಣ್ಣಿನ ಮೇಲಿದ್ದ ಹಿತ್ತಾಳೆ ಬಟ್ಟಲು

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಆ ಬಟ್ಟಲನ್ನು ನಾನಂತೂ ಈ ಕೈಯಿಂದಲೇ ಹಿಡಿದಿದ್ದೇನೆ.

ಕಾಗವಾಡದ ಕಡೆಯ ಅನಂತಪುರದ ನಮ್ಮ ದ್ರಾಕ್ಷಿ ತೋಟದಲ್ಲಿ ಸಂಜೆ ಚಪ್ಪರದ ತಂತಿ ಬಿಗಿಯುತ್ತಿದ್ದೆ. ಹೆಂಡತಿ ಪದ್ಮಾ ಆಚೆ ಕಂಬದ ಹತ್ತಿರ ನಿಂತಿದ್ದಳು.

"ಸಾಕ್ರಿ, ಇನ್ನ ಬಿಗೀಬ್ಯಾಡ್ರಿ."

ನಾನೋ ಮಹಾ ಹಟಮಾರಿ. ಇನ್ನೊಂದು ಸುತ್ತು ಬಿಗಿದೆ. ತಂತಿ ಹರಿದು ಸುಂಯ್ ಎಂದು ಹೋಗಿ ಅವಳ ಬಲಗಣ್ಣಿಗೆ ಬಡಿಯಿತು.

ರಕ್ತ ಸುರಿಯಿತು. ಟವೆಲ್ ಮಡಚಿ ಕಣ್ಣಿಗೆ ಒತ್ತಿ, ಬಿಗಿಯಾಗಿ ಕಟ್ಟಿದೆ. ಕುಡುಗೋಲು ತಾಗಿದರೂ ನಾವು ಮಾಡುವುದು ಅಷ್ಟೇ. ಊರಿನ ಡಾಕ್ಟರು ಕಟ್ಟು ಬಿಚ್ಚಲು ಹೋಗದೆ, ಇವತ್ತು ರಾತ್ರಿಯೇ ಆಪರೇಷನ್ ಆಗದಿದ್ದರೆ ಕಣ್ಣು ಹೋದಂತೆಯೇ, ಮಿರಜಿಗೆ ಓಡಿ ಎಂದರು.

ಅವಳನ್ನು ಕಾರಿನಲ್ಲಿ ಮಲಗಿಸಿ ಹೊರಟೆ. ದಾರಿಯ ಕಾಗವಾಡ ಇನ್ನೂ ದೂರವಿತ್ತು. ಒಂದು ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ಸಿಕ್ಕಿಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಪದ್ಮಾ ನರಳುತ್ತಿದ್ದಳು... ಅವಳನ್ನು ಬಿಟ್ಟು ಇಳಿದೆ. ಡ್ರೈವರನ ಕೈಕಾಲು ಹಿಡಿದೆ, ಟ್ರಾಲಿ ನೂಕಿದೆ, ಅತ್ತೆ.

ದಾರಿ ಬಿಟ್ಟ ಮೇಲೆ ಮರಳಿ ಬಂದಾಗ ಕಾರಿನೊಳಗೆ ಔಡಲೆಣ್ಣೆಯ ವಾಸನೆ. ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ನರಳಾಟ ನಿಂತಿತ್ತು. ಸತ್ತೇ ಹೋದಳೇನೋ ಎಂದು ಹೆಸರು ಹಿಡಿದು ಕೂಗಿದೆ.

"ನಡೀರಿ... ಈಗ ತ್ರಾಸ ಕಡಿಮಿ ಐತಿ," ಎಂದಳು ಮೆಲ್ಲಗೆ.

ತಿರುಗಿ ನೋಡುವ ವ್ಯವಧಾನವಿರಲಿಲ್ಲ. ಕಾರು ಓಡಿಸಿದೆ.

ಮಿರಜಿನ ಆಸ್ಪತ್ರೆಯ ದೀಪದ ಕೆಳಗೆ ನೋಡಿದೆ. ನನ್ನ ಟವೆಲ್ ಮಾಯವಾಗಿತ್ತು. ಕಣ್ಣಿನ ಮೇಲೆ ಪುಟ್ಟ ಹಿತ್ತಾಳೆ ಬಟ್ಟಲು ಬೋರಲಾಗಿತ್ತು; ಅದನ್ನು ಹಳೆಯ ಸೀರೆಯ ಚೂರಿನಿಂದ ಸಡಿಲವಾಗಿ ಕಟ್ಟಿದ್ದರು. ಡಾಕ್ಟರು, ಇದನ್ನು ಕಟ್ಟಿದವರು ಯಾರು ಎಂದು ಕೇಳಿದರು. ಕಣ್ಣನ್ನು ಒತ್ತಿಯೇ ಇಟ್ಟಿದ್ದರೆ ಒಳಗಿನದೆಲ್ಲ ಹೊರಗೆ ಬರುತ್ತಿತ್ತಂತೆ.

ಬೆಳಗಿನ ಜಾವದವರೆಗೆ ಆಪರೇಷನ್ ನಡೆಯಿತು. ಕಣ್ಣು ಉಳಿಯಿತು.

ಪದ್ಮಾಳಿಗೆ ಎಚ್ಚರವಾದ ಮೇಲೆ ಬಟ್ಟಲು ಕಟ್ಟಿದವರು ಯಾರೆಂದು ಕೇಳಿದೆ.

"ಒಬ್ಬಾಕಿ ಮುದುಕಿ ಆಯಿ ಬಂದಿದ್ಲಲ್ರಿ, ನೀವು ಕಳಿಸೀರಿ ಅನ್ಕೊಂಡೆ. 'ಒತ್ತಬಾರದವ್ವ, ಹಿಂಗ ಒತ್ತಿ ಕಟ್ಟೇ ನನ್ನ ಕಣ್ಣು ಕಳದ್ರು' ಅಂದ್ಲು."

ನಾನು ಯಾರನ್ನೂ ಕಳಿಸಿರಲಿಲ್ಲ. ವಾರದ ನಂತರ ಬಟ್ಟಲು ಹಿಂತಿರುಗಿಸಲು ಆ ತಿರುವಿನಲ್ಲಿ ಇಳಿದೆವು. ಕಬ್ಬು ಬಿಟ್ಟರೆ ಒಂದು ಗುಡಿಸಲೂ ಇರಲಿಲ್ಲ. ಬಟ್ಟಲನ್ನು ಬದುವಿನ ಮೇಲಿಟ್ಟು ಬಂದೆವು.

ಕಾರು ಹತ್ತಿದ ಮೇಲೆ ಪದ್ಮಾ ತಗ್ಗಿದ ದನಿಯಲ್ಲಿ ಹೇಳಿದಳು.

"ಅವತ್ತ ಆ ಆಯಿ, ಇಷ್ಟು ಬಿಗಿ ಕಟ್ಟಿದವ ಯಾರು ಅಂತ ಮತ್ತ ಮತ್ತ ಕೇಳಿದ್ಲು. ನಾ ನಿಮ್ಮ ಹೆಸರು ಹೇಳಲಿಲ್ರಿ."

ಇಂದಿಗೂ ಆ ತಿರುವು ಬಂದರೆ ನಾನು ಕಾರಿನ ಗಾಜು ಏರಿಸುತ್ತೇನೆ...